ಒಂಬತ್ತು ವರ್ಷ ನಿಂತ ಯಜ್ದಿ: ಎಂಜಿನ್ ಬಿಚ್ಚೋ ಮೊದ್ಲ ಅಳತಿ ತಗೀರಿ

ಪ್ರಶ್ನೆ: ನಮ್ಮಪ್ಪನ 1979ರ ಯಜ್ದಿ 250 ಐತಿ, ರೋಡ್‌ಕಿಂಗ್ ಅಲ್ಲ, ಹಳೇ ಮಾಡೆಲ್. ಒಂಬತ್ತು ವರ್ಷ ದನದ ಕೊಟ್ಟಿಗಿ ಬಾಜೂಕ ನಿಂತೈತಿ. ಕಿಕ್ ಅಲ್ಲಾಡಂಗಿಲ್ಲ. ಗ್ಯಾರೇಜಿನವ್ರು ಫುಲ್ ಎಂಜಿನ್ ಬಿಚ್ಚಬೇಕು, ಬೋರಿಂಗ್, ಕ್ರ್ಯಾಂಕ್ ಎಲ್ಲಾ ಆಗಬೇಕು ಅಂತಾರ. ನನ್ನ ಹತ್ರ ಪಾನಾ ಸೆಟ್ ಐತಿ, ವೈಸ್ ಐತಿ, ಆಯ್ತವಾರ ಪುರಸೊತ್ತೂ ಐತಿ. ಮನ್ಯಾಗ ಎಷ್ಟು ಮಾಡಬಹುದು? 6 ವೋಲ್ಟ್ ತಗದು 12 ಮಾಡ್ಲೇನು? (ಗೋಕಾಕ ತಾಲೂಕಿನ ಓದುಗರು)

ಉತ್ತರ: ಅರ್ಧಕ್ಕಿಂತ ಜಾಸ್ತಿ ಮನ್ಯಾಗ ಆಗ್ತೈತಿ, ಉಳದದ್ದು ಬೆಳಗಾವಿಗೆ ತರ್ರಿ. ಆದ್ರ ಗ್ಯಾರೇಜಿನವ್ರು "ಎಲ್ಲಾ" ಅಂದಾರಲ್ಲ, ಅವ್ರು ಏನಾರ ಅಳತಿ ತಗದು ಅಂದಾರೋ ಇಲ್ಲಾ ಗಾಡಿ ಮುಖ ನೋಡಿ ಅಂದಾರೋ? ನಾನು ಬೆಳಗಾವಿಯ ಕಾರ್ಖಾನಿ ಭಾಗ ಉದ್ಯಮಬಾಗದಾಗ ಲೇಥ್ ಮ್ಯಾಲೆ ಭಾಳ ವರ್ಷ ನಿಂತಾಂವ, ಮಂದಿ ಬೋರಿಂಗಿಗೆ (ಸವದ ಸಿಲಿಂಡರಿನ ಒಳಗೋಡಿ ಕೊರದು ತಟಗ ದೊಡ್ಡದು ಮಾಡೋದು) ಅಂತ ತಂದ ಬ್ಲಾಕು, ಅಂದ್ರ ಸಿಲಿಂಡರು, ಎಷ್ಟೋ ಸಲ ಬೋರಿಂಗ್ ಬ್ಯಾಡ ಅಂತ ತಿರುಗಿ ಕಳಿಸೀನಿ. ಜಾಮ್ ಆಗೈತಿ ಅಂದ್ರ ಸತ್ತೈತಿ ಅಂತ ಅಲ್ಲ.

ಯಜ್ದಿ ಎಂಜಿನ್ ಅಂದ್ರ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ ಮಾಲು, 1996ರ ತನಕ ಅಲ್ಲೇ ತಯಾರಾಗಿದ್ದು, ಬೋರ್ (ಸಿಲಿಂಡರಿನ ಒಳ ಅಗಲ) 65 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 75, ಸಿಲಿಂಡರ್ ಒಂದ ಇದ್ರೂ ಸೈಲೆನ್ಸರ್ ಎರಡು. ಟೂ ಸ್ಟ್ರೋಕ್, ಹಂಗಾಗಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟ್ಯಾಪೆಟ್ ಇಲ್ಲ. ಬಿಚ್ಚಾಕ ಭಾಳ ಸರಳ. ಅದ ಸರಳ ನೋಡಿನ ಹುಡುಗ್ರು ಮೊದ್ಲ ದಿವಸನ ಪೂರಾ ಬಿಚ್ಚಿ ಬುಟ್ಟಿಯಾಗ ತುಂಬಿ ಇಡ್ತಾರ, ಆ ಬುಟ್ಟಿ ಮತ್ತ ಒಂಬತ್ತು ವರ್ಷ ಅಲ್ಲೇ ಇರ್ತೈತಿ.

ಮೊದ್ಲ ಮಾತು, ಕಿಕ್ ಮ್ಯಾಲೆ ನಿಂತು ಜಿಗಿಬ್ಯಾಡ್ರಿ. ನಿಮ್ಮ ಗಾಡಿಯಾಗ ಕಿಕ್ ಲಿವರೂ ಗೇರ್ ಲಿವರೂ ಒಂದ, ಅದನ್ನ ಎತ್ತಿ ತಿರುಗಿಸಿದ್ರ ಕಿಕ್ ಆಗ್ತೈತಿ. ಜಾಮ್ ಇದ್ದಾಗ ಜಿಗಿದು ಒಳಗಿನ ಹಲ್ಲು ಮುರದ್ರ ಪಿಸ್ಟನ್ ಕೆಲಸಕ್ಕ ಹೋದಾಂವ ಗೇರ್‌ಬಾಕ್ಸ್ ಬಿಚ್ಚಬೇಕಾಗ್ತೈತಿ. ಜಾಮ್ ಎಲ್ಲೈತಿ ಅಂತ ಮೊದ್ಲ ನೋಡ್ರಿ. ನ್ಯೂಟ್ರಲ್‌ನ್ಯಾಗ ಹಿಂದಿನ ಗಾಲಿ ಸರಾಗ ತಿರುಗ್ತೈತೇನು? ತಿರುಗಿದ್ರ ಗೇರ್‌ಬಾಕ್ಸ್ ಹಿಡಕೊಂಡಿಲ್ಲ. ಆಮ್ಯಾಲೆ ಡೈನಮೋ ಕಡೆ ಕವರ್ ತಗದು ಟಾರ್ಚ್ ಬಿಟ್ಟು ನೋಡ್ರಿ. ಈ ಹಳೇ ಮಾಡೆಲ್‌ನ್ಯಾಗ ಡೈನಮೋದ ತಿರುಗೋ ಭಾಗ, ಅಂದ್ರ ಆರ್ಮೇಚರ್, ಸೀದಾ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ದಂಡದ) ತುದಿಗೇ ಕೂತಿರ್ತೈತಿ, ಕೊಟ್ಟಿಗಿ ಹಸಿಗೆ ಜಂಗ್ ಹಿಡದು ಆರ್ಮೇಚರ್ ಸುತ್ತಲಿನ ಕಾಯಿಲ್ ಬಾಡಿಗೆ ಅಂಟಿರೋದನ್ನೂ ನಾನು ನೋಡೀನಿ, ಅದು ಹತ್ತು ನಿಮಿಷದ ಕೆಲಸ, ಅದಕ್ಕೇನು ಬೋರಿಂಗ್ ಮಾಡ್ತೀರಿ.

ಅಲ್ಲಿ ಏನೂ ಇಲ್ಲಂದ್ರ ಪಿಸ್ಟನ್ನ ಹಿಡದೈತಿ ಅಂತ ತಿಳೀರಿ. ಮಂದಿ ಪ್ಲಗ್ ತಗದು ಆ ತೂತಿನ್ಯಾಗ ಎಣ್ಣಿ ಸುರೀತಾರ, ಟೂ ಸ್ಟ್ರೋಕಿನ್ಯಾಗ ಅದು ಕೆಲಸ ಮಾಡ್ತೈತಿ ಅನ್ನೋ ಭರವಸೆ ಇಲ್ಲ, ಯಾಕಂದ್ರ ಪಿಸ್ಟನ್ ಕೆಳಗ ನಿಂತಿದ್ರ ಪೋರ್ಟ್ (ಸಿಲಿಂಡರ್ ಗೋಡಿಯಾಗಿನ ತೂತು) ತೆರದಿರ್ತಾವ, ನೀವು ಹಾಕಿದ ಎಣ್ಣಿ ಸೀದಾ ಸೈಲೆನ್ಸರಿಗೆ ಹೋಗ್ತೈತಿ. ಹೆಡ್ ತಗೀರಿ. ನಟ್ ಸಡ್ಲ ಮಾಡುವಾಗ ಒಂದ ಬಾಜೂ ಪೂರಾ ಬಿಚ್ಚಬ್ಯಾಡ್ರಿ, ಎದುರಾಬದ್ರಾ ಕಾಲು ಕಾಲು ಸುತ್ತು. ಅರ್ಧ ಡೀಸೆಲ್ ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಎಣ್ಣಿ) ಕಲಸಿ ಪಿಸ್ಟನ್ ತಲಿ ಮ್ಯಾಲೆ ಹಾಕಿ ಮೂರ್ನಾಲ್ಕು ದಿವಸ ಬಿಡ್ರಿ, ಇಳದಂಗ ಮತ್ತ ಹಾಕ್ರಿ. ಆಮ್ಯಾಲೆ ಗಾಡಿ ಸ್ಟ್ಯಾಂಡ್ ಹಾಕಿ ಟಾಪ್ ಗೇರಿಗೆ ತಂದು ಹಿಂದಿನ ಗಾಲಿ ಕೈಲೆ ಹಿಂದ ಮುಂದ ತಟಗ ತಟಗ ಆಡಸ್ರಿ. ಟಾಪ್ ಗೇರ್ ಯಾಕ ಅಂದ್ರ ಗಾಲಿಯಿಂದ ಎಂಜಿನ್ ತಿರುಗಸಾಕ ಅದರಾಗ ಬಲ ಚೊಲೋ ಸಿಗ್ತೈತಿ. ಒಂದು ಕೂದಲೆಳಿ ಸರದ್ರ ಸಾಕು, ಇನ್ನ ಗೆದ್ದಂಗ. ಬರಲಿಲ್ಲಂದ್ರ ಪಿಸ್ಟನ್ ಅಗಲದ್ದ ಒಂದು ಜಾಲಿ ಕಟಗಿ ತುಂಡು ಇಟ್ಟು ಸಣ್ಣ ಸುತ್ತಿಗಿಲೆ ತಟ್ರಿ, ಕಬ್ಬಿಣದ ರಾಡ್ ಇಟ್ಟು ಬಡದ್ರ ಪಿಸ್ಟನ್ ತಲಿ ತೂತ.

ಬಿಟ್ಟ ಮ್ಯಾಲೆ ಬ್ಲಾಕ್ ಮ್ಯಾಲಕ್ಕ ಎತ್ತುವಾಗ, ಪಿಸ್ಟನ್ ಇನ್ನೂ ಅರ್ಧ ಬ್ಲಾಕಿನ್ಯಾಗ ಇದ್ದಾಗನ, ಕ್ರ್ಯಾಂಕ್‌ಕೇಸ್ ಬಾಯಿಗೆ ಸ್ವಚ್ಛ ಅರಿವಿ ತುರುಕ್ರಿ. ನಾನು ಇದನ್ನ ಒಂದ ಸಲ ಮರ್ತಿದ್ದೆ. ಮಳಿಗಾಲ, ಕರೆಂಟ್ ಹೋಗಿತ್ತು, ಪಿಸ್ಟನ್ನನ್ನ ರಾಡಿಗೆ ಜೋಡ್ಸೋ ಗಜ್ಜನ್ ಪಿನ್ನಿನ ಸರ್ಕ್ಲಿಪ್ ತಗಿಯಾಕ ಹೋದೆ, ಟಿಂಗ್ ಅಂತು. ಮಾರಿಗೆ ಬಡಿಲಿಲ್ಲ, ನೆಲಕ್ಕೂ ಬಿದ್ದ ಸಪ್ಪಳ ಇಲ್ಲ. ಅಲ್ಲಿಗೆ ಗೊತ್ತಾತು ಎಲ್ಲಿ ಹೋತು ಅಂತ. ಹಳೇ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ ಒಡದು ಅದರ ಚೂರು ವಯರಿಗೆ ಕಟ್ಟಿ ಕ್ರ್ಯಾಂಕ್ ಒಳಗ ಬಾವ್ಯಾಗ ಕೊಡ ಹುಡುಕಿದಂಗ ಎರಡೂವರಿ ತಾಸು ಹುಡಿಕೀನಿ, ಕಡೀಕ ಸಿಕ್ತು, ಸಿಗದಿದ್ರ ಪೂರಾ ಕೇಸ್ ಬಿಚ್ಚಬೇಕಿತ್ತು. ಆ ಕ್ಲಿಪ್ ಮತ್ತ ಹಾಕಬ್ಯಾಡ್ರಿ, ಒಂದ ಸಲ ತಗದ ಕ್ಲಿಪ್ ಸ್ಪ್ರಿಂಗ್ ಕಳಕೊಂಡಿರ್ತೈತಿ, ಓಡುವಾಗ ಬಿಟ್ಟು ಬ್ಲಾಕಿಗೆ ಗೀರು ಹೊಡೀತೈತಿ. ಹೊಸಾದು ಚಹಾದ ರೊಕ್ಕಕ್ಕ ಸಿಗ್ತೈತಿ. ಪಿನ್ ಬಿಗಿ ಇದ್ರ ಪಿಸ್ಟನ್ನಿಗೆ ಕುದಿ ನೀರಿನ ಅರಿವಿ ಸುತ್ತಿ ಒಂದೆರಡು ನಿಮಿಷ ಬಿಟ್ಟು ನೂಕ್ರಿ, ಬಡಿಬ್ಯಾಡ್ರಿ, ಬಡದ್ರ ಕನೆಕ್ಟಿಂಗ್ ರಾಡ್ ಸೊಟ್ಟ.

ಈಗ ಅಳತಿ. ಬೋರ್ ಗೇಜ್ ನಿಮ್ಮ ಹತ್ರ ಇರಂಗಿಲ್ಲ, ತಗೊಳ್ಳೋದೂ ಬ್ಯಾಡ. ಒಂದು ರಿಂಗು, ಸಂದಿ ಅಳಿಯೋ ತೆಳ್ಳನ ಪಟ್ಟಿಗಳ ಒಂದು ಫೀಲರ್ ಗೇಜ್, ಇಷ್ಟ ಸಾಕು. ರಿಂಗ್ ಒಂದನ್ನ ಪಿಸ್ಟನ್ನಿಂದ ಬಿಚ್ಚಿ ಬ್ಲಾಕಿನ ಬುಡದಾಗ, ಅಂದ್ರ ರಿಂಗ್ ಎಂದೂ ಸವಿಸದ ಜಾಗಾದಾಗ ಇಡ್ರಿ, ಪಿಸ್ಟನ್ನಿಲೆ ನೂಕಿ ಅಡ್ಡ ಬರೋಬ್ಬರಿ ಸಮ ಮಾಡ್ರಿ, ರಿಂಗಿನ ಎರಡು ತುದಿ ನಡುವಿನ ಸಂದಿ ಫೀಲರಿಲೆ ಅಳದು ಬರ್ಕೊಳ್ರಿ. ಅದ ರಿಂಗನ್ನ ಈಗ ಮ್ಯಾಲೆ, ಬ್ಲಾಕಿನ ಬಾಯಿಂದ ಒಂದು ಬೆರಳು ಕೆಳಗ, ರಿಂಗ್ ಹೆಚ್ಚು ಓಡಾಡೋ ಜಾಗಾದಾಗ ಇಟ್ಟು ಅಳೀರಿ. ಎರಡರ ಫರಕು 3.14ರಿಂದ ಭಾಗಿಸಿದ್ರ ಬೋರ್ ಎಷ್ಟು ಸವದೈತಿ ಅಂತ ಬರ್ತೈತಿ. ಉದಾಹರಣಿಗೆ ಬುಡದಾಗ 0.40, ಮ್ಯಾಲೆ 0.70 ಬಂತು ಅನ್ರಿ, ಫರಕು 0.30, ಅಂದ್ರ ಸವದದ್ದು 0.10 ಮಿಮೀಗಿಂತ ತಟಗ ಕಡಿಮಿ. ಸುತ್ತಳತಿ ಹಿಗ್ಗಿದ್ದು ಸಂದಿಯಾಗ ಮೂರು ಪಟ್ಟು ದೊಡ್ಡದಾಗಿ ಕಾಣ್ತೈತಿ, ಅದಕ್ಕ ಈ ಅಳತಿ ಮನ್ಯಾಗಿನ ಸಾಮಾನಿಲೆನೂ ಚೊಲೋ ಬರ್ತೈತಿ. ಫರಕು 0.30ರ ಒಳಗಿದ್ದು ಗೋಡಿ ಮ್ಯಾಲೆ ಉಗುರಿಗೆ ಹತ್ತೋ ಗೀರು, ಜಂಗಿನ ಕುಳಿ ಇಲ್ಲಂದ್ರ ಹೊಸ ರಿಂಗ್ ಹಾಕಿ ಓಡಿಸಬಹುದು ಅಂತ ನನ್ನ ಲೆಕ್ಕ. 0.50 ದಾಟಿತೋ, ಬೋರಿಂಗ್ ಮಾಡಸ್ರಿ. ಹೊಸ ರಿಂಗ್ ಹಾಕುವಾಗ ಇದ ಸಂದಿ ಅಳೀರಿ, 65 ಬೋರಿಗೆ ಕಾಲು ಮಿಮೀ ಆಸುಪಾಸು ಇರಬೇಕು, ಅದಕ್ಕಿಂತ ಕಡಿಮಿ ಇದ್ರ ತುದಿ ಸಣ್ಣ ಅರದಿಲೆ ತಿಕ್ಕ್ರಿ, ಸಂದಿ ಇಲ್ಲದ ರಿಂಗ್ ಬಿಸಿಗೆ ಹಿಗ್ಗಿ ಬ್ಲಾಕನ್ನ ಹಿಡೀತೈತಿ.

ಕನೆಕ್ಟಿಂಗ್ ರಾಡಿಗೂ ಹಂಗ. ಪಿಸ್ಟನ್ ತಗದ ಮ್ಯಾಲೆ ರಾಡ್ ಮ್ಯಾಲಿದ್ದಾಗ ಎರಡೂ ಕೈಲೆ ಹಿಡದು ನೆಟ್ಟಗ ಮ್ಯಾಲೆ ಕೆಳಗ ಜಗ್ರಿ. ಬಾಜೂಕ ಎಡ ಬಲ ತಟಗ ವಾಲಿದ್ರ ಅದು ಇರಬೇಕಾದ್ದ, ಅದನ್ನ ತೋರ್ಸಿ ಕ್ರ್ಯಾಂಕ್ ಹೋಗೈತಿ ಅಂತ ಹೇಳೋ ಮೆಕ್ಯಾನಿಕ್ ಇದ್ದಾರ. ನೆಟ್ಟಗ ಜಗ್ಗಿದಾಗ ಟಕ್ ಅಂತ ಬೆರಳಿಗೆ ಹತ್ತಿದ್ರ ಮಾತ್ರ ಬಿಗ್ ಎಂಡ್ (ರಾಡಿನ ಕೆಳಗಿನ ತುದಿ ಬೇರಿಂಗ್) ಹೋಗೈತಿ. ಎಣ್ಣಿ ಇದ್ದಾಗ ಟಕ್ ಗೊತ್ತಾಗಂಗಿಲ್ಲ, ಪೆಟ್ರೋಲ್ ಹಾಕಿ ತೊಳದು ನೋಡ್ರಿ, ನೋಡಿದ ಮ್ಯಾಲೆ ಮತ್ತ ಎಣ್ಣಿ ಹಾಕ್ರಿ, ಒಣ ಬೇರಿಂಗ್ ಬಿಡಬ್ಯಾಡ್ರಿ. ಬಿಗ್ ಎಂಡ್ ಹೋಗಿದ್ರ ಅದು ಮನಿ ಕೆಲಸ ಅಲ್ಲ. ಕ್ರ್ಯಾಂಕ್ ಪ್ರೆಸ್ಸಿನ್ಯಾಗ ಬಿಚ್ಚಿ ಹೊಸ ರಾಡು ಪಿನ್ನು ಹಾಕಿ ಡಯಲ್ ಗೇಜ್ ಮ್ಯಾಲೆ ಸೊಟ್ಟ ತಗೀಬೇಕು, ಸುತ್ತಿಗಿ ಹಿಡಕೊಂಡು ಕೂಡ್ರೋ ಕೆಲಸ ಅಲ್ಲದು.

ಇನ್ನ ಯಾರೂ ನೋಡದ ಜಾಗಾ, ಕ್ರ್ಯಾಂಕಿನ ಎರಡು ಆಯಿಲ್ ಸೀಲ್. ಟೂ ಸ್ಟ್ರೋಕಿನ್ಯಾಗ ಪೆಟ್ರೋಲ್ ಗಾಳಿ ಮೊದ್ಲ ಪಿಸ್ಟನ್ ಕೆಳಗ ಕ್ರ್ಯಾಂಕ್‌ಕೇಸಿಗೆ ಹೋಗ್ತೈತಿ, ಅಲ್ಲಿಂದ ಮ್ಯಾಲಕ್ಕ. ಹಂಗಾಗಿ ಕ್ರ್ಯಾಂಕ್‌ಕೇಸ್ ಗಾಳಿ ಹಿಡೀಬೇಕು. ಡೈನಮೋ ಕಡೆ ಸೀಲ್ ಒಣಗಿದ್ರ ಹೊರಗಿನ ಗಾಳಿ ಎಳಕೊಂಡು ಗಾಡಿ ತಾನ ರೇಸ್ ಆಗ್ತೈತಿ, ಬಿಸಿ ಆಗ್ತೈತಿ, ಕಡೀಕ ಸೀಜ್. ಕ್ಲಚ್ ಕಡೆ ಸೀಲ್ ಹೋದ್ರ ಗೇರ್ ಎಣ್ಣಿ ಕುಡಿದು ಬಿಳಿ ಹೊಗಿ ಉಗುಳ್ತೈತಿ, ನೀವು ಕಾರ್ಬುರೇಟರ್ ಮ್ಯಾಲೆ ಕಾರ್ಬುರೇಟರ್ ಬದಲಿಸಿದ್ರೂ ಹೊಗಿ ನಿಲ್ಲಂಗಿಲ್ಲ. ಒಂಬತ್ತು ವರ್ಷ ನಿಂತ ಗಾಡಿದು ಎರಡೂ ಸೀಲ್ ಕಣ್ಣು ಮುಚ್ಚಿ ಬದಲಸ್ರಿ. ಬದಲಿಸಿ ಎಂಜಿನ್ ಕೂಡ್ಸಿದ ಮ್ಯಾಲೆ ಟೆಸ್ಟ್ ಮಾಡಾಕ ನನ್ನ ಹತ್ರ ಒಂದು ಹಳೇ ಗುಂಡು ಡಯಲಿನ ಬಿಪಿ ಮಷೀನ್ ಐತಿ, ತೋಳಿಗೆ ಸುತ್ತೋ ಪಟ್ಟಿ ಹರದು ಹೋಗಿತ್ತು, ಬಲ್ಬು ಡಯಲು ಚೊಲೋ ಇದ್ದುವು. ಸೈಲೆನ್ಸರ್ ಪೈಪ್ ಕೂಡೋ ಬ್ಲಾಕಿನ ಎರಡೂ ಬಾಯಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗೀರಿ, ಕಾರ್ಬುರೇಟರ್ ಜಾಗಾಕ್ಕ ರಬ್ಬರ್ ಬಿರಡಿ ಹಾಕ್ರಿ, ಪ್ಲಗ್ ತೂತಿಗೆ ಇನ್ನೊಂದು ಬಿರಡಿ ಹಾಕಿ ಅದರ ನಡುವ ಬಿಪಿ ಪೈಪ್ ತೂರಸ್ರಿ. ಪಿಸ್ಟನ್ ಪೂರಾ ಕೆಳಗಿರಲಿ, ಅವಾಗ ಮ್ಯಾಲಿಂದೂ ಕೆಳಗಿಂದೂ ಒಂದ ಆಗಿ ಇಡೀ ಎಂಜಿನ್ ಟೆಸ್ಟ್ ಆಗ್ತೈತಿ. 250 ತನಕ ಗಾಳಿ ಹಾಕ್ರಿ, ಅದು ಹತ್ರಹತ್ರ ಐದು ಪಿಎಸ್‌ಐ, ಅದಕ್ಕಿಂತ ಜಾಸ್ತಿ ಬ್ಯಾಡ. ಒಂದು ನಿಮಿಷಕ್ಕ ಮುಳ್ಳು 200ರ ಕೆಳಗ ಇಳದ್ರ ಎಲ್ಲೋ ಸೋರ್ತೈತಿ, ಸೋಪಿನ ನೀರು ಹಚ್ಚಿ ಗುಳ್ಳಿ ನೋಡ್ರಿ, ಗುಳ್ಳಿ ಎಲ್ಲೂ ಕಾಣಲಿಲ್ಲಂದ್ರ ಗೇರ್ ಎಣ್ಣಿ ಹಾಕೋ ತೂತಿಗೆ ಕಿವಿ ಕೊಡ್ರಿ, ಸುಂಯ್ ಅಂದ್ರ ಕ್ಲಚ್ ಕಡೆ ಸೀಲ್. ನಮ್ಮ ಮನ್ಯಾಗ ಇದನ್ನ ನೋಡಿ ಗಾಡಿಗೂ ಬಿಪಿ ಬಂತೇನು ಅಂತ ನಗ್ತಾರ, ನಗಲಿ.

ಕ್ರ್ಯಾಂಕಿನ ದೊಡ್ಡ ಬೇರಿಂಗ್ ಕೈಲೆ ತಿರುಗಿಸಿದ್ರ ಮರಳು ಹಾಕಿದಂಗ ಕರಕರ ಅಂದ್ರ ಮಾತ್ರ ಕೇಸ್ ಬಿಚ್ರಿ. ಎರಡು ಕೇಸಿನ ನಡುವ ಸ್ಕ್ರೂ ಡ್ರೈವರ್ ತುರುಕಿ ಮೀಟಬ್ಯಾಡ್ರಿ, ಆ ಮುಖಕ್ಕ ಗೀರು ಬಿದ್ರ ಮ್ಯಾಲೆ ಹೇಳಿದ ಬಿಪಿ ಟೆಸ್ಟ್ ಜನ್ಮದಾಗ ಪಾಸ್ ಆಗಂಗಿಲ್ಲ. ಹಿಡದ ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗಿಲೆ ಬಡದ್ರ ಸ್ಕ್ರೂ ತಿರುಗಿಸೋ ಸಾಮಾನು) ತಗೊಳ್ರಿ, ಈ ಕೆಲಸಕ್ಕ ರೊಕ್ಕ ಹಾಕೋದಿದ್ರ ಇದೊಂದಕ್ಕ ಹಾಕ್ರಿ. ಬೇರಿಂಗ್ ಹೊರಗ ಬರಬೇಕಂದ್ರ ಕೇಸ್ ಬಿಸಿ ಮಾಡಬೇಕು, ಅಲ್ಯೂಮಿನಿಯಂ ಉಕ್ಕಿನಕಿಂತ ಹತ್ರಹತ್ರ ಎರಡು ಪಟ್ಟು ಹಿಗ್ತೈತಿ, 62 ಮಿಮೀ ತೂತಿದ್ರ 80 ಡಿಗ್ರಿ ಬಿಸಿ ಏರಿದಾಗ 0.11 ಮಿಮೀ ದೊಡ್ಡದಾಗ್ತೈತಿ, ಅಷ್ಟು ಸಾಕು, ಬೇರಿಂಗ್ ತಾನ ಬೀಳ್ತೈತಿ. ರೊಟ್ಟಿ ಹಂಚಿನ ಮ್ಯಾಲೆ ಮರಳು ಹಾಸಿ ಅದರ ಮ್ಯಾಲೆ ಕೇಸ್ ಇಡ್ರಿ. ಎಷ್ಟು ಬಿಸಿ ಅಂತ ಥರ್ಮಾಮೀಟರ್ ಬ್ಯಾಡ, ನೀರು ಚಿಮುಕಿಸಿದ್ರ ರೊಟ್ಟಿ ಹಂಚಿನಂಗ ಚುಂಯ್ ಅನಬೇಕು. ಹೊಸ ಬೇರಿಂಗ್ ರಾತ್ರಿ ಪ್ಲಾಸ್ಟಿಕ್ ಕವರಿನ್ಯಾಗ ಸುತ್ತಿ ಫ್ರೀಜರಿನ್ಯಾಗ ಇಟ್ಟಿದ್ರ ಬಿಸಿ ಕೇಸಿಗೆ ಬೆರಳಿಲೆ ನೂಕಿದ್ರೂ ಕೂಡ್ತೈತಿ. ಮನಿ ಹಂಚು ಕೊಡಂಗಿಲ್ಲ, ಹಳೇದೊಂದು ಬ್ಯಾರೆ ಇಟಕೊಳ್ರಿ. ಮತ್ತ ಪೆಟ್ರೋಲಿಲೆ ತೊಳದ ಕೇಸನ್ನ ಪೂರಾ ಒಣಗಿಸದ ಒಲಿ ಹತ್ರ ಒಯ್ಯಬ್ಯಾಡ್ರಿ, ಇದನ್ನೂ ಹೇಳಬೇಕಾ ಅನ್ನಬ್ಯಾಡ್ರಿ, ಹುಬ್ಬು ಸುಟ್ಟಕೊಂಡವ್ರು ಗೊತ್ತದಾರ.

ಬೋರಿಂಗ್ ಬಂದ್ರ ಬೆಳಗಾವಿಗೆ ಬರ್ರಿ. ಫೌಂಡ್ರಿ, ಮಷೀನ್ ಶಾಪಿನ ಊರು ಇದು, ಉದ್ಯಮಬಾಗದಾಗ ಒಂದು ಓಣಿ ಬಿಟ್ಟು ಒಂದು ಓಣಿಗೆ ಬೋರಿಂಗ್ ಮಾಡವ್ರು ಸಿಗ್ತಾರ. ಮೊದ್ಲ ಓವರ್‌ಸೈಜ್ ಪಿಸ್ಟನ್ ತಗೊಂಡು ಕೈಯಾಗ ಹಿಡಕೊಂಡು ಬರ್ರಿ, ಆ ಪಿಸ್ಟನ್ ಅಳದು ಅದಕ್ಕ ಬೋರ್ ಮಾಡಬೇಕು, ಡಬ್ಬಿ ಮ್ಯಾಲೆ ಬರದ ನಂಬರಿಗಲ್ಲ. ಇನ್ನೊಂದು, ಟ್ರ್ಯಾಕ್ಟರ್ ಲೈನರ್ ಮಾಡೋ ಅಂಗಡಿಯವ್ರಿಗೆ ಟೂ ಸ್ಟ್ರೋಕ್ ಬ್ಲಾಕ್ ಕೊಟ್ರ ಅವ್ರು ಪೋರ್ಟ್ ಅಂಚು ಮರೀತಾರ. ಬೋರ್ ಆದ ಮ್ಯಾಲೆ ಪೋರ್ಟಿನ ಅಂಚು ಬ್ಲೇಡಿನಂಗ ಇರ್ತೈತಿ, ರಿಂಗ್ ಅದರ ಮ್ಯಾಲೆ ಹಾಯುವಾಗ ಸಿಕ್ಕೊಂಡು ಮುರೀತೈತಿ. ಸಣ್ಣ ಅರದಿ, ಆಮ್ಯಾಲೆ ನಯದ ಪಾಲಿಶ್ ಪೇಪರ್, ಬೆರಳಿಗೆ ಚುಚ್ಚದಂಗ ಅಂಚು ಮುರೀರಿ. ಇದನ್ನ ಮನ್ಯಾಗ ಕೂತು ನೀವ ಮಾಡೋದು ಚೊಲೋ, ಅಂಗಡ್ಯಾಗ ಯಾರಿಗೂ ಅಷ್ಟು ತಾಳ್ಮಿ ಇರಂಗಿಲ್ಲ, ನನಗೂ ಇರಲಿಲ್ಲ.

ಬ್ಲಾಕ್ ತೊಳೆಯೋದು ಪೆಟ್ರೋಲಿಲೆ ಅಲ್ರೀ, ಬಿಸಿ ನೀರು ಮತ್ತ ಅರಿವಿ ಸೋಪಿನ ಪುಡಿ. ಬೋರ್ ಆದ ಮ್ಯಾಲೆ ಗೋಡಿ ನಯ ಮಾಡೋ ಹೋನಿಂಗ್ ಕಲ್ಲಿನ ಪುಡಿ ಗೋಡಿ ಗೀರಿನ್ಯಾಗ ಕೂತಿರ್ತೈತಿ, ಪೆಟ್ರೋಲ್ ಎಣ್ಣಿ ಅಷ್ಟ ತಗೀತೈತಿ, ಪುಡಿ ಅಲ್ಲೇ. ಬಿಳಿ ಧೋತರದ ಅರಿವಿ ಒಳಗ ತಿರುವಿದ್ರ ಬಿಳಿನ ಹೊರಗ ಬರೋ ತನಕ ತಿಕ್ಕ್ರಿ, ಒಣಗಿದ ಕೂಡ್ಲೆ ಎಣ್ಣಿ ಸವರ್ರಿ. ನಮ್ಮ ಮಳಿಗಾಲದಾಗ ಚಹಾ ಕುಡದು ಬರೂದ್ರಾಗ ಕೆಂಪು ಜಂಗ್ ಬಂದಿರ್ತೈತಿ.

ಕೂಡಿಸುವಾಗ ಎರಡ ಮಾತು ನೆನಪಿಡ್ರಿ. ಪಿಸ್ಟನ್ ಮ್ಯಾಲಿನ ಬಾಣ ಸೈಲೆನ್ಸರ್ ಕಡೆ, ಮತ್ತ ಪಿಸ್ಟನ್ನಿನ್ಯಾಗ ರಿಂಗ್ ಕೂಡೋ ಗ್ರೂವಿನ್ಯಾಗ ಇರೋ ಸಣ್ಣ ಮೊಳಿ ರಿಂಗಿನ ಎರಡು ತುದಿ ನಡುವ ಕೂಡಬೇಕು, ಬ್ಲಾಕ್ ಬಿಗಿ ಅನಿಸಿದ್ರ ಒತ್ತಬ್ಯಾಡ್ರಿ, ರಿಂಗ್ ಮೊಳಿ ಮ್ಯಾಲೆ ಹತ್ತೈತಿ ಅಂತ ತಿಳ್ಕೊಂಡು ಮತ್ತ ತಗೀರಿ. ಟಾರ್ಕ್ ರೆಂಚ್ ಇಲ್ಲಂದ್ರ ಚೀಲ ತೂಗೋ ಕೊಕ್ಕಿ ಸ್ಕೇಲ್ ತಗೊಳ್ರಿ, ಪಾನಾದ ಮ್ಯಾಲೆ ನಟ್ಟಿನ ನಡುವಿಂದ 20 ಸೆಂಟಿಮೀಟರಿಗೆ ಕೊಕ್ಕಿ ಹಾಕಿ ಅಡ್ಡಡ್ಡ 10 ಕಿಲೋ ಬರೋ ತನಕ ಜಗ್ಗಿದ್ರ 2 ಕಿಲೋಗ್ರಾಂ ಮೀಟರ್ ಟಾರ್ಕ್ ಆತು, 8 ಮಿಮೀ ಬೋಲ್ಟ್ ಅಲ್ಯೂಮಿನಿಯಂ ಒಳಗ ಇದ್ರ ಅಷ್ಟರ ಆಸುಪಾಸು ಸಾಕು.

ಸ್ಪಾರ್ಕಿನ ಕತಿ ಸಣ್ಣದು. ಈ ಗಾಡಿ ಬ್ಯಾಟರಿ ಸತ್ರ ಸ್ಪಾರ್ಕ್ ಕೊಡಂಗಿಲ್ಲ, ಮೊದ್ಲ ಚೊಲೋ ಬ್ಯಾಟರಿ ಹಾಕ್ರಿ. ಸ್ಪಾರ್ಕಿನ ಕರೆಂಟ್ ಕಡಿಯೋ ಪಾಯಿಂಟಿನ ಸಂದಿ 0.4 ಮಿಮೀ, ಪ್ಲಗ್ ಸಂದಿ 0.6, ಹ್ಯಾಕ್ಸಾ ಬ್ಲೇಡ್ ಬೆನ್ನು ಹತ್ರಹತ್ರ ಅಷ್ಟ ದಪ್ಪ ಇರ್ತೈತಿ. ಸ್ಪಾರ್ಕ್ ಹಳದಿ ಬಂದು ಪಾಯಿಂಟ್ ಸುಟ್ಟಂಗ ಕಂಡ್ರ ಕಂಡೆನ್ಸರ್ ಬದಲಸ್ರಿ.

ಸೈಲೆನ್ಸರಿನ ಒಳಗಿನ ಕಬ್ಬಿಣದ ಬ್ಯಾಫಲ್ ಕಾರ್ಬನ್ ತುಂಬಿ ಗಟ್ಟಿಯಾಗಿದ್ರ ಕಾಸ್ಟಿಕ್ ಸೋಡಾ ನೀರಿನ್ಯಾಗ ಒಂದು ರಾತ್ರಿ ನೆನಿ ಹಾಕ್ರಿ, ಸೋಡಾ ನೀರಿಗೆ ಹಾಕಬೇಕು, ಸೋಡಾಕ್ಕ ನೀರು ಹಾಕಬಾರ್ದು, ಕೈಗವಸು ಚಷ್ಮಾ ಇರಲಿ. ಅದ ನೀರಿನ್ಯಾಗ ಹೆಡ್ಡು, ಪಿಸ್ಟನ್ನು ತೊಳಿಯೋಣ ಅಂತ ಎಂದೂ ಹಾಕಬ್ಯಾಡ್ರಿ. ಕಾಸ್ಟಿಕ್ ಅಲ್ಯೂಮಿನಿಯಂ ತಿಂದ ಹಾಕ್ತೈತಿ, ಬುರುಗು ಎದ್ದು ಹೈಡ್ರೋಜನ್ ಬರ್ತೈತಿ, ಮುಂಜಾನೆ ನೋಡಿದ್ರ ಹೆಡ್ ಬದಲಿ ಕಪ್ಪು ಇಟ್ಟಂಗಿ ಇರ್ತೈತಿ. ಹೆಡ್ಡಿಗೆ ಕಟಗಿ ಚಕ್ಕಿಲೆ ಕೆರೀರಿ, ಸಾಕು.

ಪೆಟ್ರೋಲ್: ಹಳೇದೆಲ್ಲಾ ಚೆಲ್ರಿ. ಈಗ ಬಂಕಿನ್ಯಾಗ ಸಿಗೋದು ಇ20, ನೂರಕ್ಕ 20 ಇಥೆನಾಲ್, ನಮ್ಮ ಕಡೆ ಕಬ್ಬಿಂದನ ಆಗೋದು, ರೈತಗ ಚೊಲೋ, ಹಳೇ ಗಾಡಿಯ ರಬ್ಬರಿಗೆ ಮಾತ್ರ ಅಷ್ಟೇನು ಚೊಲೋ ಅಲ್ಲ. ಅದು ನೀರು ಎಳಕೊಳ್ತೈತಿ, ಟ್ಯಾಂಕಿನ ತಳಕ್ಕ ಜಂಗ್ ಹಿಡಸ್ತೈತಿ, ಹಳೇ ಪೈಪು ವಾಶರ್ ಉಬ್ಬಸ್ತೈತಿ. ಕಾಕ್ ವಾಶರು, ಪೈಪು ಹೊಸಾವು ಹಾಕ್ರಿ, ಗಾಡಿ ತಿಂಗಳ ಮ್ಯಾಲೆ ನಿಲ್ಲಸೂದಿದ್ರ ಟ್ಯಾಂಕು ಕಾರ್ಬುರೇಟರು ಖಾಲಿ ಮಾಡಿ ನಿಲ್ಲಸ್ರಿ. ಎಣ್ಣಿ, ಪೆಟ್ರೋಲ್ ಲೀಟರಿಗೆ 40 ಮಿಲಿ 2ಟಿ (ಟೂ ಸ್ಟ್ರೋಕ್ ಎಣ್ಣಿ), ಬೋರಿಂಗ್ ಆಗಿದ್ರ ಮೊದ್ಲ ಐದುನೂರು ಕಿಲೋಮೀಟರ್ 50 ಮಿಲಿ. ಹೊಗಿ ಬರ್ತೈತಿ, ಬರಲಿ. ಚಾಲೂ ಆದ ದಿವಸ ಖುಷಿಲೆ ಸೀದಾ ಗೋಕಾಕ ಫಾಲ್ಸಿಗೆ ಹೊಡಿಬ್ಯಾಡ್ರಿ. ಎರಡು ಮೂರು ನಿಮಿಷ ಓಡಿಸಿ ಬಂದ್ ಮಾಡಿ ಪೂರಾ ತಣ್ಣಗ ಆಗಲಿ, ಹಿಂಗ ಮೂರು ಸಲ, ಆಮ್ಯಾಲೆ ತಣ್ಣಗಿದ್ದಾಗ ಹೆಡ್ ನಟ್ ಮತ್ತೊಮ್ಮಿ ಬಿಗೀರಿ.

12 ವೋಲ್ಟ್ ಬಗ್ಗೆ ಕೇಳಿದ್ರಿ. ಈಗ ಬ್ಯಾಡ. ಒಂದ ಸಲಕ್ಕ ಎಂಜಿನ್ನೂ ವಯರಿಂಗೂ ಎರಡೂ ಬದಲಿಸಿ ಗಾಡಿ ಚಾಲೂ ಆಗಲಿಲ್ಲಂದ್ರ ತಪ್ಪು ಎಲ್ಲೈತಿ ಅಂತ ನಿಮಗೂ ಗೊತ್ತಾಗಂಗಿಲ್ಲ, ನನಗೂ ಹೇಳಾಕ ಬರಂಗಿಲ್ಲ. 6 ವೋಲ್ಟಿನ ಮ್ಯಾಲೆ ಒಂದು ಮಳಿಗಾಲ ಓಡಸ್ರಿ, ಲೈಟ್ ಮಂದ ಅನಿಸಿದ್ರ ಮೊದ್ಲ ಅರ್ಥ್ ಜಾಯಿಂಟ್ ತಿಕ್ಕಿ ಸ್ವಚ್ಛ ಮಾಡ್ರಿ. ಸದ್ಯಕ್ಕ ಆ ರಿಂಗ್ ಸಂದಿ ಅಳದು ಮ್ಯಾಲಿಂದು ಕೆಳಗಿಂದು ಎರಡು ಅಂಕಿ ಬರದು ಕಳಸ್ರಿ, ಬೋರಿಂಗ್ ಬೇಕೋ ಬ್ಯಾಡೋ ಅವಾಗ ಹೇಳ್ತೀನಿ.